ಗೇಟು ಹೆಂಗ ಮುಚ್ಚಿದಿ?

ಇಂಗ್ಲಿಷಿನ ಕ್ರಿಯಾವಿಶೇಷಣ ಕಲಿಸಲು ನನ್ನದೊಂದು ಆಟವಿತ್ತು. ಒಬ್ಬ ಹುಡುಗಿಯನ್ನು ತರಗತಿಯ ಬಾಗಿಲ ಹತ್ತಿರ ನಿಲ್ಲಿಸಿ "ಶಟ್ ದ ಡೋರ್" ಎನ್ನುತ್ತಿದ್ದೆ. ಅವಳು ಮುಚ್ಚುತ್ತಿದ್ದಳು. "ಸ್ಲೋಲಿ" ಎಂದು ಸೇರಿಸಿದರೆ ಕದ ಕಿರ್ರೆನ್ನದ ಹಾಗೆ ಮೆಲ್ಲಗೆ ತಳ್ಳಬೇಕು. "ಕ್ವಿಕ್ಲಿ" ಎಂದರೆ ಒಂದೇ ಏಟಿಗೆ. "ಆಂಗ್ರಿಲಿ" ಎಂದ ದಿನ ಮೇಲಿನ ಚಿಲಕ ಕಿತ್ತು ಬಂದು, ಹೆಡ್ ಮಾಸ್ತರರು ತಮ್ಮ ಕೋಣೆಯಿಂದ ಎದ್ದು ಬಂದಿದ್ದರು. ಮುಚ್ಚುವುದು ಒಂದೇ ಕೆಲಸ. ಅದನ್ನು ಹೇಗೆ ಮುಚ್ಚಿದೆ, ಯಾವಾಗ, ಎಲ್ಲಿ, ಎಷ್ಟು ಸಲ ಎಂದು ಹೇಳುವ ಮಾತೇ ಆಡ್‌ವರ್ಬ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮುದನಾಳದ ಕಡೆಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು, "ಅಕ್ಕೋರ, ಇವು ನಮ್ಮ ಮಾತಿನಾಗೂ ಬೇಕಾದಷ್ಟು ಅದಾವರಿ" ಎಂದು ಸರಸರ, ದಬದಬ, ಮೆಲ್ಲಕ, ಸಾವಕಾಶ, ಜಲ್ದಿ ಎಂದು ಎಣಿಸಿದ್ದಳು. ಅವನ್ನೂ ಬರೆದುಕೊಂಡಿದ್ದೆ. ವರ್ಷಕ್ಕೊಮ್ಮೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಳ್ಳುವ ಪಾಠ ಅದು.

ಈಗ ಆ ಆಟ ಆಡಿಸುವುದಿಲ್ಲ. ಸುಮ್ಮನೆ ಪಟ್ಟಿ ಬರೆಸಿ ಮುಗಿಸುತ್ತೇನೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಯಾದಗಿರಿಯ ಬಿಸಿಲು ಗೊತ್ತಿದ್ದವರಿಗೆ ಗೊತ್ತು, ಹತ್ತು ಗಂಟೆಗೇ ಹಂಚು ಕಾದ ಹಾಗೆ ನೆಲ ಕಾಯುತ್ತದೆ. ಬಾಗಿಲು ಬಡಿದವನು ನನ್ನ ತವರೂರಿನ ಗೇಟಿನವ. ನನ್ನ ತವರು ಶಹಾಪುರ ದಾಟಿ ಸುರಪುರದ ಕಡೆ ಹೋಗುವಾಗ ಬಲಕ್ಕೆ ಒಳಗಿದೆ. ಊರ ಪಕ್ಕದಲ್ಲಿ ಕಾಲುವೆ. ಕಾಲುವೆಯ ಗೇಟನ್ನು ಎತ್ತುವುದು, ಇಳಿಸುವುದು ಇಪ್ಪತ್ತು ವರ್ಷದಿಂದ ಅವನ ಕೆಲಸ. ಮೊದಲು ಸರ್ಕಾರದ ದಿನಗೂಲಿಯಲ್ಲಿದ್ದ. ಆಮೇಲೆ ಗೇಟುಗಳನ್ನು ನೋಡಿಕೊಳ್ಳಲು ಹೊರಗಿನ ಯಾವುದೋ ಕಂಪನಿ ಗುತ್ತಿಗೆ ಹಿಡಿದು, ಅವನನ್ನೂ ಗೇಟಿನ ಜೊತೆಗೇ ತೆಗೆದುಕೊಂಡಿತ್ತು. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನಿಗೆ ಅಣ್ಣಾ ಎನ್ನುತ್ತೇನೆ. ಅವನ ಮಗಳಿಗೆ ಹಿಂದೆ ಇಂಗ್ಲಿಷ್ ಕಲಿಸಿದ್ದರಿಂದ ಅವನು ನನಗೆ ಅಕ್ಕೋರ ಎನ್ನುತ್ತಾನೆ. ಎಷ್ಟು ಬೈದರೂ ಬಿಟ್ಟಿಲ್ಲ.

ನೀರು ಕುಡಿದು, ಪ್ಲಾಸ್ಟಿಕ್ ಚೀಲದೊಳಗಿಂದ ಒಂದು ಕಾಗದ ತೆಗೆದ.

"ಇಂಗ್ಲಿಷಿನಾಗ ಅದರಿ. ಜವಾಬು ಇಂಗ್ಲಿಷಿನಾಗೇ ಬೇಕಂತ. ಮೂರು ದಿನದಾಗ."

"ಓದಿಸಿದ್ದಿಯೇನು ಯಾರ ಕಡೆಯಿಂದರೆ?"

"ಓದಿಸೀನ್ರಿ. ನೌಕರಿಯಿಂದ ತೆಗಿತಾರಂತ."

ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟಿತ್ತು, ಕೈಯಲ್ಲಿ ಕೆಂಪು ಪೆನ್ನಿತ್ತು. ಹಾಳು ಅಭ್ಯಾಸ ನನ್ನದು, ಇಂಗ್ಲಿಷ್ ಕಂಡರೆ ಗೆರೆ ಎಳೆಯಬೇಕು. ನೀವು ಇಂಥ ದಿನ ಸಂಜೆ ಗೇಟನ್ನು ಯಾರ ಆದೇಶವೂ ಇಲ್ಲದೆ ಮುಚ್ಚಿದ್ದೀರಿ ಎಂದಿತ್ತು. ಮುಚ್ಚಿದ್ದೀರಿ ಎಂಬ ಮಾತಿನ ಹಿಂದೆ "ಡೆಲಿಬರೇಟ್ಲಿ" ಇತ್ತು, ಅಂದರೆ ಬೇಕೆಂದೇ. ಅದರ ಕೆಳಗೆ ಗೆರೆ ಎಳೆದೆ. ಮುಚ್ಚಿದ್ದರಿಂದ ಮೇಲಿನ ದಂಡೆ ಒಡೆದು ರೈತನೊಬ್ಬನ ಕಣದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿ ಪೂರ್ತಿ ತೋಯ್ದು ಹೋಗಿದೆ. ನಿಮ್ಮನ್ನು ಕೆಲಸದಿಂದ "ಇಮಿಡಿಯೆಟ್ಲಿ" ಏಕೆ ತೆಗೆಯಬಾರದು, ತಿಳಿಸಿ. ಅದರ ಕೆಳಗೂ ಗೆರೆ ಎಳೆದೆ. ಎರಡು ಕೆಂಪು ಗೆರೆ ಎಳೆದು ತಲೆ ಎತ್ತಿದಾಗ ಅವನು ಆ ಗೆರೆಗಳನ್ನೇ ನೋಡುತ್ತಿದ್ದ.

"ಅಷ್ಟು ದೊಡ್ಡ ತಪ್ಪೇನ್ರಿ?"

ನನಗೆ ನಾಚಿಕೆಯಾಯಿತು. ಪೆನ್ನಿಗೆ ಟೊಪ್ಪಿಗೆ ಹಾಕಿ ಪಕ್ಕಕ್ಕಿಟ್ಟೆ.

"ಏನಂತ ಬರೀಬೇಕು ಅಂತ ಮಾಡಿದ್ದಿ?"

"ಪಾಳಿ ಮುಗದದ ಅಂತ ತಿಳಕೊಂಡು, ಗಲತಿಲೆ, ತಪ್ಪಿ ಮುಚ್ಚೀನಿ ಅಂತ ಬರೀರಿ. ಇನ್ನೊಮ್ಮೆ ಹಂಗ ಆಗಲ್ಲ ಅಂತ ಬರೀರಿ."

ನಮ್ಮ ಕಡೆ ಕಾಲುವೆಗೆ ನೀರು ಪಾಳಿಯ ಮೇಲೆ ಬರುತ್ತದೆ, ಇಷ್ಟು ದಿನ ಬಿಟ್ಟು ಇಷ್ಟು ದಿನ ಬಂದ್. ಪಾಳಿ ಯಾವಾಗ ಮುಗಿಯುತ್ತದೆ ಎಂಬುದು ಊರಿನ ಎಮ್ಮೆಗಳಿಗೂ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಗಾಲಿ ತಿರುವಿದವನು ಪಾಳಿ ಮರೆತ ಎಂದು ಬರೆದರೆ ಓದಿದವರು ನಗುತ್ತಾರೆ. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಹೊತ್ತುಗೊತ್ತಿಲ್ಲ.

"ನಂಗೇನು ಹುಚ್ಚು ಹಿಡದದ ಅಂತ ತಿಳದಿಯಾ? ಖರೆ ಹೇಳು. ಯಾಕ ಮುಚ್ಚಿದಿ?"

"ಗಲತಿಲೆ ಅಂದೆನಲ್ರಿ."

"ನಿನ್ನ ನೌಕರಿ ಹೋಗೋ ಹೊತ್ತಿನಾಗ ಸುಳ್ಳು ಹೇಳಾಕತ್ತಿ. ಯಾರನ್ನ ಉಳಸಾಕತ್ತಿ?"

ಅವನು ಚೀಲದ ಬಾಯಿ ಮಡಚಿದ. ನಾನು ಸಿಟ್ಟಿನಲ್ಲೇ ಕಾಗದ ಎಳೆದುಕೊಂಡು ಇನ್ನೊಮ್ಮೆ ಮೊದಲಿನಿಂದ ಓದಿದೆ. ಮೊದಲ ಸಲ ಕ್ರಿಯಾವಿಶೇಷಣಗಳಿಗೆ ಗೆರೆ ಎಳೆಯುವ ಭರದಲ್ಲಿ ತಾರೀಕನ್ನು ನೋಡಿರಲಿಲ್ಲ. ಈಗ ನೋಡಿದೆ.

ಅದು ನನ್ನ ಅಪ್ಪನನ್ನು ಮಣ್ಣು ಮಾಡಿದ ದಿನ.

ನಮ್ಮೂರಿನ ರುದ್ರಭೂಮಿ ಕಾಲುವೆಯ ಆಚೆಗಿದೆ. ಕಾಲುವೆ ಬರುವ ಮೊದಲೂ ಅಲ್ಲೇ ಇತ್ತು. ಕಾಲುವೆ ತೋಡುವವರು ನಡುವೆ ತೋಡಿಕೊಂಡು ಹೋದರು. ಸೇತುವೆ ಇರುವುದು ಮುಂದಿನ ಊರಿನ ಸೀಮೆಯಲ್ಲಿ, ಮತ್ತು ಒಂದೂರಿನ ಹೆಣ ಇನ್ನೊಂದು ಊರಿನ ಸೀಮೆ ತುಳಿಯುವಂತಿಲ್ಲ. ಹಾಗಾಗಿ ಊರಲ್ಲಿ ಸಾವಾದರೆ ಗೇಟಿನವನಿಗೆ ಹೇಳಿ ಕಳಿಸುತ್ತಾರೆ. ಅವನು ನೀರು ನಿಲ್ಲಿಸುತ್ತಾನೆ. ಚಟ್ಟ ಹೊತ್ತವರು ಒದ್ದೆ ಮಣ್ಣಿನ ಕಾಲುವೆಯೊಳಗೆ ಇಳಿದು ಆಚೆ ಹತ್ತುತ್ತಾರೆ. ಎಲ್ಲರೂ ತಿರುಗಿ ಬಂದ ಮೇಲೆ ಅವನು ಗೇಟು ಎತ್ತುತ್ತಾನೆ. ಯಾವ ಕಾಗದದಲ್ಲೂ ಇದು ಇಲ್ಲ. ಆ ಸಂಜೆ ನಾನೂ ಆ ಕಾಲುವೆಯಲ್ಲಿ ಇಳಿದು ಹತ್ತಿದ್ದೆ. ನೀರು ಇಲ್ಲ ಎಂಬುದನ್ನು ಗಮನಿಸಿಯೂ ಇರಲಿಲ್ಲ. ನೀರು ತಾನಾಗಿ ನಿಂತುಕೊಂಡಿತೇನೋ ಎಂಬಂತೆ ದಾಟಿದ್ದೆ.

"ಅಣ್ಣಾ, ಇದು ನಮ್ಮ ಅಪ್ಪನ ಮಣ್ಣಿನ ದಿನ."

"ಹೌದ್ರಿ."

"ಬಂದು ಇಷ್ಟು ಹೊತ್ತಾತು, ಯಾಕ ಹೇಳಲಿಲ್ಲ?"

"ಅದನ್ನೇನು ಹೇಳೋದ್ರಿ."

ಆಮೇಲೆ ನಾನು ಕೇಳಿದ ಪ್ರಶ್ನೆಯನ್ನು ಮಕ್ಕಳಿಗೆ ಸಾವಿರ ಸಲ ಕೇಳಿದ್ದೆ. ಆ ದಿನ ಮೊದಲ ಸಲ ಉತ್ತರದ ಹೆದರಿಕೆಯಿಂದ ಕೇಳಿದೆ.

"ಗೇಟು ಹೆಂಗ ಮುಚ್ಚಿದಿ?"

"ಹೆಂಗಂದ್ರ? ಗಾಲಿ ತಿರುವಿ."

"ಸಾವಕಾಶೋ, ಜಲ್ದಿಯೋ?"

ಅವನು ಖಾಲಿ ಲೋಟವನ್ನು ನೆಲದ ಮೇಲೆ ಸ್ವಲ್ಪ ಅತ್ತ ಸರಿಸಿದ, ಇತ್ತ ಸರಿಸಿದ. ಆಮೇಲೆ ಹೇಳಿದ. ಮಣ್ಣಿದ್ದ ದಿನ ಊರಿನವರು ಹೊತ್ತು ಮೊದಲೇ ತಿಳಿಸುತ್ತಾರೆ. ಅವನು ಮೇಲಿನ ಗೇಟಿನವನಿಗೆ ಫೋನ್ ಹಚ್ಚುತ್ತಾನೆ. ಅವ ಅಲ್ಲಿ ಒಂದಿಷ್ಟು ನೀರು ಕಡಿಮೆ ಮಾಡುತ್ತಾನೆ, ಇವನು ಇಲ್ಲಿ ನಾಲ್ಕು ಸುತ್ತು ತಿರುವಿ ಕೂರುತ್ತಾನೆ. ನೀರು ಇಳಿದ ಮೇಲೆ ಮತ್ತೆ ನಾಲ್ಕು ಸುತ್ತು. ಎರಡು ತಾಸು ಹಿಡಿಯುತ್ತದೆ.

"ನೀರಿಗೆ ಹೇಳಿ ಮುಚ್ಚಬೇಕ್ರಿ. ಒಮ್ಮೆಲೆ ತಡದ್ರ ಅದು ಎಲ್ಲಿ ಹೋಗಬೇಕು? ದಂಡಿಗೆ ಹೋಗತದ."

"ಅವತ್ತು ಹೇಳಿ ಮುಚ್ಚಲಿಲ್ಲ."

"ಅವತ್ತು ಹೊತ್ತು ಗೊತ್ತಾಗಲಿಲ್ರಿ" ಎಂದ. ನನ್ನ ಮುಖ ನೋಡದೆ ಹೇಳಿದ. ಏಕೆ ಗೊತ್ತಾಗಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಫೆಬ್ರವರಿಯ ಆ ದಿನ ಅಪ್ಪ ಹೋದ ಸುದ್ದಿ ಬೆಳಿಗ್ಗೆ ಒಂಬತ್ತಕ್ಕೇ ಬಂದಿತ್ತು. ನನ್ನ ತಮ್ಮ ಫೋನಿನಲ್ಲಿ ಅಳುತ್ತಿದ್ದ. ಅವತ್ತು ಹತ್ತನೆಯ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ, ನನ್ನದೇ ವಿಷಯ. ಹೆಡ್ ಮಾಸ್ತರರು, "ನೀವು ಹೋಗ್ರಿ, ನಾವು ನೋಡ್ಕೋತೀವಿ" ಎಂದರು. ನಾನು, "ಪೇಪರ್ ಮುಗಿಸಿ ಹೋಗ್ತೀನಿ" ಎಂದೆ. ಎಲ್ಲರೂ ನನ್ನನ್ನು ದೊಡ್ಡ ಧೈರ್ಯದವಳು ಎಂದುಕೊಂಡರು. ಧೈರ್ಯವೇನಲ್ಲ. ಮನೆಗೆ ಹೋದರೆ ಅಪ್ಪ ಸತ್ತಿರುತ್ತಾನೆ, ಇಲ್ಲಿ ಕೂತಿರುವಷ್ಟು ಹೊತ್ತು ಸತ್ತಿರುವುದಿಲ್ಲ ಅನ್ನುವಂಥ ಒಂದು ಹುಚ್ಚು ಲೆಕ್ಕ. ಕೋಣೆಯಿಂದ ಕೋಣೆಗೆ ಓಡಾಡಿದೆ. ಉತ್ತರಪತ್ರಿಕೆ ಕಟ್ಟಿದೆ. ಮೊಹರು ಹಾಕಿದೆ. ಎರಡು ಸಲ ಎಣಿಸಿದೆ.

ನಮ್ಮಲ್ಲಿ ಮಗಳು ಬಂದು ಮುಖ ನೋಡುವ ತನಕ ತಂದೆಯ ಹೆಣ ಎತ್ತುವುದಿಲ್ಲ. ತಮ್ಮ ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾ, ಎಲ್ಲಿದ್ದಿ?" ಎಂದ. ನಾನು ಯಾದಗಿರಿಯಲ್ಲೇ ಇದ್ದೆ. "ಭೀಮಾ ಸೇತುವೆ ದಾಟೀನಿ" ಎಂದೆ. ಒಂದು ತಾಸು ಬಿಟ್ಟು ಮತ್ತೆ ಕೇಳಿದ. "ಬಂದೆ, ಬಂದೆ" ಎಂದೆ. ಆಗ ಬಸ್ ನಿಲ್ದಾಣಕ್ಕೆ ಹೊರಟಿದ್ದೆ ಅಷ್ಟೆ. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ಹಿರಿಯರು ಗದರುತ್ತಿದ್ದರು. ನಾನು ಅಪ್ಪನ ಮುಖ ನೋಡಿದ್ದು ಎಷ್ಟು ಹೊತ್ತು, ನನಗೇ ಗೊತ್ತಿಲ್ಲ. ಯಾರೋ ರಟ್ಟೆ ಹಿಡಿದು ಎಬ್ಬಿಸಿದರು.

ಉಳಿದದ್ದನ್ನು ಗೇಟಿನವನ ಬಾಯಿಯಿಂದ ಆ ಭಾನುವಾರ ಕೇಳಿದೆ. ಮಗಳು ಭೀಮಾ ಸೇತುವೆ ದಾಟಿದಳು ಎಂದು ತಮ್ಮ ಹೇಳಿದಾಗ ಅವನು ನಾಲ್ಕು ಸುತ್ತು ತಿರುವಿದ್ದ. ನಾನು ಬರಲಿಲ್ಲ. ಕೆಳಗಿನ ಹೊಲದವರು ನೀರು ಕಡಿಮೆಯಾಯಿತೆಂದು ಬಾಯಿ ಮಾಡಿದರು, ಮತ್ತೆ ಎತ್ತಿದ. ಮೇಲಿನ ಗೇಟಿನವನಿಗೆ ಏನು ಹೇಳಬೇಕೋ ತಿಳಿಯದೆ ಹಾಗೇ ಕೂತಿದ್ದ. ಸಂಜೆ ತಮ್ಮ ಫೋನ್ ಮಾಡಿ, "ಅಕ್ಕ ಬಂದಾಳ, ಎತ್ತೀವಿ, ಜಲ್ದಿ ಬಂದ್ ಮಾಡು" ಎಂದ. ಚಟ್ಟ ದಂಡೆಗೆ ಬರುವುದರೊಳಗೆ ನೀರು ಇಳಿಯಬೇಕಿತ್ತು. ಎರಡು ತಾಸಿನ ಕೆಲಸವನ್ನು ಅವನು ಹತ್ತು ನಿಮಿಷದಲ್ಲಿ ಮಾಡಿದ. ನಾವು ಅಪ್ಪನಿಗೆ ಮಣ್ಣು ಹಾಕುತ್ತಿದ್ದಾಗ ಮೇಲೆ ದಂಡೆ ಒಡೆಯಿತು.

ತಮ್ಮ ಸುರಪುರದಲ್ಲಿ ಸರ್ಕಾರಿ ನೌಕರ. ಅಲ್ಲಿಯೇ, ಗೇಟಿನವನ ಮುಂದೆಯೇ ಅವನಿಗೆ ಫೋನ್ ಹಚ್ಚಿ ನೋಟೀಸಿನ ಹಕೀಕತ್ತು ಹೇಳಿದೆ. "ನಾವು ಹೇಳಿದ್ದಕ್ಕೇ ಮುಚ್ಚಿದ ಅಂತ ಬರೆದು ನೀನೊಂದು ಸಹಿ ಹಾಕು" ಎಂದೆ.

"ಅಕ್ಕಾ, ನನ್ನ ಹೆಸರು ಎಲ್ಲೀನೂ ಬರಬಾರದು. ಕಾಲುವಿ ಬಂದ್ ಮಾಡಿಸ್ಯಾನ ಅಂತ ನನ್ನ ಮ್ಯಾಲೇ ಬರತಾರ."

"ಫೋನ್ ಹಚ್ಚಿದವ ನೀನೇ ಅಲ್ಲೇನು?"

"ಹಚ್ಚಿದವ ನಾನೇ. ತಡಾ ಮಾಡಿದವರು ಯಾರು?"

ಬಾಯಿಗೆ ಬಂದಂತೆ ಬೈದೆ. ಅಪ್ಪನ ಅನ್ನ ತಿಂದವನಲ್ಲ ನೀನು ಎಂದೆ, ಹೇಡಿ ಎಂದೆ. ಅವನು ಫೋನ್ ಇಟ್ಟ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವನು ಸುಳ್ಳು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

"ಬಿಡ್ರಿ ಅಕ್ಕೋರ. ಸಿಟ್ಟಿನಾಗ ಕೊಯ್ಕೊಂಡ ಮೂಗು ಶಾಂತ ಆದ ಮ್ಯಾಲ ಬರಲ್ಲ" ಎಂದ ಗೇಟಿನವ. "ಗಲತಿಲೆ ಅಂತ ಬರೀರಿ, ನಾ ಹೋಗ್ತೀನಿ. ಸತ್ತವರ ಹೆಸರು ಕಚೇರಿ ಕಾಗದದಾಗ ಬ್ಯಾಡ. ನಿಮ್ಮ ಅಪ್ಪಾರು ದೊಡ್ಡ ಮನಷ್ಯಾ."

"ಅಪ್ಪನ ಹೆಸರು ಬರೆಯಂಗಿಲ್ಲ. ನನ್ನ ಹೆಸರು ಬರೀತೀನಿ. ನಾ ಇನ್ನೂ ಸತ್ತಿಲ್ಲ."

ಅವನು ನಕ್ಕ, ನಾನೂ ನಕ್ಕೆ. ಆ ದಿನ ಇಬ್ಬರೂ ನಕ್ಕಿದ್ದು ಅಷ್ಟೇ.

ಎರಡು ಕಾಗದ ಬರೆದೆ. ಮೊದಲನೆಯದು ಅವನ ಉತ್ತರ. ಅದರಲ್ಲಿ "ಡೆಲಿಬರೇಟ್ಲಿ"ಯನ್ನು ಅಲ್ಲಗಳೆಯಲಿಲ್ಲ. ಹೌದು, ಬೇಕೆಂದೇ ಮುಚ್ಚಿದೆ, ಊರಲ್ಲಿ ಸಾವಾಗಿತ್ತು, ಹೀಗೆ ಮುಚ್ಚುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು, ಯಾವಾಗಲೂ ನಿಧಾನವಾಗಿ ಮುಚ್ಚುತ್ತಿದ್ದೆ, ಆ ದಿನ ಮಾತ್ರ ಅವಸರವಾಗಿ ಮುಚ್ಚಿದೆ ಎಂದು ಬರೆದೆ. ಎರಡನೆಯದು ನನ್ನದು. ನಾನು ಆ ಮನೆಯ ಮಗಳು, ನಾನು ತಡವಾಗಿ ಬಂದೆ, ಅದಕ್ಕೇ ಅವನು ಅವಸರ ಮಾಡಬೇಕಾಯಿತು. ಮೂರೇ ಸಾಲು. ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಆ ಮೂರು ಸಾಲಿಗೆ ಮೂರು ಹಾಳೆ ಹರಿಯಬೇಕಾಯಿತು. "ಐ ಕೇಮ್ ಲೇಟ್" ಎಂಬುದನ್ನು ನನ್ನ ಮಕ್ಕಳು ದಿನಾ ಬಾಗಿಲಲ್ಲಿ ನಿಂತು ಹೇಳುತ್ತಾರೆ. ನಾನು ಅದನ್ನು ಬರೆಯಲು ಸಂಜೆಯಾಯಿತು.

ಕಂಪನಿಯವರು ಭೀಮರಾಯನಗುಡಿಯಲ್ಲಿ ಒಂದು ಮನೆ ಬಾಡಿಗೆ ಹಿಡಿದು ಕಚೇರಿ ಮಾಡಿಕೊಂಡಿದ್ದರು. ಮರುದಿನ ರಜೆ ಹಾಕಿ ಹೋದೆ. ದಾರಿಯಲ್ಲಿ ಮೊದಲು ಮೆಣಸಿನಕಾಯಿ ಕಳೆದುಕೊಂಡ ರೈತನ ಮನೆಗೆ ಹೋಗಿ ಕೈಮುಗಿದೆ. ಅವನು ಕುಡಿಯಲು ನೀರು ಕೊಟ್ಟು ಎದ್ದು ಒಳಗೆ ಹೋದ. ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ನಾನೂ ಗೇಟಿನವನೂ ಎರಡು ತಾಸು ಕೂತೆವು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬೆವರಿಗೆ ಅದರ ಇಸ್ತ್ರಿ ಹೋಗಿತ್ತು. "ತೆಗದ್ರ ಏನು ಮಾಡ್ತೀ?" ಎಂದು ಕೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ಕೇಳಲಿಲ್ಲ. ಅವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು. ಆ ಗಾಲಿ ತಿರುವುವುದು ಬಿಟ್ಟು ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮ್ಯಾನೇಜರ್ ಮೂವತ್ತರ ತರುಣ, ಕನ್ನಡ ಬಾರದು. ಎರಡೂ ಕಾಗದ ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ, ಅಂದರೆ ಇವನು ತಿಳಿದೂ ತಿಳಿದೂ ಮುಚ್ಚಿದ್ದಾನೆ?

ಹೌದು, ಎಂದೆ. ಇಪ್ಪತ್ತು ವರ್ಷದಿಂದ ತಿಳಿದೂ ತಿಳಿದೂ ಮುಚ್ಚಿದ್ದಾನೆ, ಒಮ್ಮೆಯೂ ದಂಡೆ ಒಡೆದಿಲ್ಲ. ಈ ಸಲ ಮುಚ್ಚಿದವನು ಅವನು, ಅವಸರ ನನ್ನದು. ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ, ಆದರೆ ನಾನು ನಿಮ್ಮ ನೌಕರಿಯಲ್ಲಿಲ್ಲ.

ಕೊನೆಯ ಮಾತು ಬೇಕಿರಲಿಲ್ಲ, ನನ್ನ ನಾಲಿಗೆಯೇ ಹಾಗೆ. ಮ್ಯಾನೇಜರನ ಮುಖ ಗಂಟಾಯಿತು. ಎದ್ದು ಒಳಗೆ ಹೋಗಿ ತನ್ನ ಮೇಲಿನವರಿಗೆ ಫೋನ್ ಮಾಡಿದ. ಗೋಡೆಯಾಚೆ ಅವನ ದನಿ ಏರುತ್ತಿತ್ತು, ಇಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಗೇಟಿನವ ಗೋಡೆಗೆ ತಾಗಿ ನಿಂತಿದ್ದ. ನಾನು ಬಾಯಿ ಬಿಟ್ಟು ಅವನ ನೌಕರಿ ಕಳೆದೆ ಎಂದು ನನಗೆ ಖಾತ್ರಿಯಾಗಿತ್ತು.

ತಿರುಗಿ ಬಂದ ಮ್ಯಾನೇಜರ್ ಒಂದು ಬಿಳಿ ಹಾಳೆ ನನ್ನ ಮುಂದಿಟ್ಟ. ಕೆಲಸದಲ್ಲಿ ಇಟ್ಟುಕೊಳ್ಳುತ್ತೇವೆ. ಆದರೆ ಲಿಖಿತ ಅನುಮತಿ ಇಲ್ಲದೆ ಮತ್ತೆ ಗೇಟು ಮುಚ್ಚುವುದಿಲ್ಲ ಎಂದು ಬರೆದು ಕೊಡಲಿ. ನಾನು ಕೂಡಲೇ ಬರೆದೆ. ಅವನು ಓದಿ, ಇಲ್ಲಿ "ನೆವರ್" ಸೇರಿಸಿ ಎಂದ. ಸೇರಿಸಿದೆ. ಎಲ್ಲಿ ಸೇರಬೇಕೋ ಬರೋಬ್ಬರಿ ಅಲ್ಲಿ, ನನ್ನ ದುಂಡು ಅಕ್ಷರದಲ್ಲಿ. ವಾಕ್ಯ ಚೆನ್ನಾಗಿ ಕೂತಿತು ಎಂದು ಒಳಗೊಳಗೇ ಖುಷಿಪಟ್ಟೆ. ಗೇಟಿನವ ಕನ್ನಡದಲ್ಲಿ ಸಹಿ ಮಾಡಿದ.

ಹೊರಗೆ ಬಂದು ಚಹಾ ಕುಡಿದೆವು.

"ಕೊನಿಗೆ ಅವರು ಹೇಳಿ ಬರಸಿದ್ದು ಏನ್ರಿ ಅದು?"

"ನೆವರ್."

"ಹಂಗಂದ್ರ?"

"ಎಂದೂ ಇಲ್ಲ. ಒಮ್ಮೆಯೂ ಇಲ್ಲ" ಎಂದೆ, ತರಗತಿಯಲ್ಲಿ ಹೇಳುವ ಹಾಗೆ. "ಎಷ್ಟು ಸಲ ಅಂತ ಕೇಳಿದ್ರ ಬರೋ ಜವಾಬು."

"ನೆವರ್" ಎಂದು ಅವನು ಒಮ್ಮೆ ಹೇಳಿ ನೋಡಿದ. ಚಹಾದ ಲೋಟ ಇಟ್ಟು ಬಸ್ಸು ಹಿಡಿದ.

ದೀಪಾವಳಿ ಕಳೆದು ಒಂದು ಭಾನುವಾರ ನಸುಕಿನಲ್ಲಿ ಅವನ ತಾಯಿ ತೀರಿಕೊಂಡಳು. ಸುದ್ದಿ ತಿಳಿದ ಕೂಡಲೇ ಹೊರಟೆ. ಮುಖ ತೊಳೆದದ್ದಷ್ಟೇ, ತಲೆ ಬಾಚಲಿಲ್ಲ. ಮೊದಲ ಬಸ್ಸು ಹಿಡಿದೆ. ಎಂಟಕ್ಕೆ ಮುಂಚೆ ಅವನ ಅಂಗಳದಲ್ಲಿದ್ದೆ. ಹೊರ ಊರಿನವರಲ್ಲಿ ಮೊದಲು ಬಂದವಳು ನಾನೇ.

ಬರುವಾಗಲೇ ಕಾಲುವೆ ನೋಡಿದ್ದೆ. ದಂಡೆಯ ಮಟ್ಟಕ್ಕೆ ತುಂಬಿ ಹರಿಯುತ್ತಿತ್ತು.

ಹಳೆಯ ಮ್ಯಾನೇಜರನಿಗೆ ವರ್ಗವಾಗಿತ್ತು. ಹೊಸಬನಿಗೆ ಏಳು ಸಲ ಫೋನ್ ಮಾಡಿದ ಮೇಲೆ ಎತ್ತಿದ. ಅನುಮತಿ ಕೊಡುವವರು ಬೇರೆ ಊರಲ್ಲಿದ್ದಾರೆ, ಮೇಲ್ ಕಳಿಸಿ, ಸೋಮವಾರ ನೋಡೋಣ ಎಂದ. ಹೆಣ ಸೋಮವಾರದ ತನಕ ಕಾಯುವುದಿಲ್ಲ ಎಂದೆ. ಪಾಪ, ಅವನು ಸಾರಿ ಎಂದ. ಮೇಲ್ ಕಳಿಸಿದೆ. ಅಂಗಳದಲ್ಲಿ ಕೂತು ಮತ್ತೆ ಮತ್ತೆ ಫೋನ್ ತೆರೆದು ನೋಡಿದೆ. ಹತ್ತಾಯಿತು, ಹನ್ನೆರಡಾಯಿತು. ಏನೂ ಬರಲಿಲ್ಲ.

ಹಿರಿಯರು ಅವನನ್ನು ಸುತ್ತುಗಟ್ಟಿದರು. "ಊರಿನವರ ಹೆಣಕ್ಕೆಲ್ಲ ನೀರು ನಿಂದರಸಿದಿ. ನಿಮ್ಮವ್ವಗ ನಿಂದರಸಲ್ಲೇನು?" ಎಂದರು. ಸುರಪುರದಿಂದ ನನ್ನ ತಮ್ಮನೂ ಬಂದಿದ್ದ. ಏಪ್ರಿಲ್‌ನಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅವನು ಮುಂದೆ ಬಂದು, "ಕೀಲಿ ಕೊಡು ಅಣ್ಣಾ, ನಾ ತಿರುವ್ತೀನಿ. ಕೇಳಿದ್ರ ನನ್ನ ಹೆಸರು ಹೇಳು" ಎಂದ. ತಡವಾಗಿಯೇ ಅಂದ, ಆದರೂ ಅಂದ.

"ಬ್ಯಾಡಪ್ಪ" ಎಂದ ಗೇಟಿನವ.

ನಾನು ಅವನ ಮುಂದೆ ಹೋಗಿ ನಿಂತೆ. "ಅಣ್ಣಾ, ಮುಚ್ಚು. ಆ ಕಾಗದ ಬರೆದವಳು ನಾನು. ನಾನೇ ಹೇಳಾಕತ್ತೀನಿ, ಮುಚ್ಚು."

"ಬರದವರು ನೀವು. ಸಹಿ ಮಾಡಿದವ ನಾನ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒಮ್ಮೆಯೂ ಇಲ್ಲ ಅಂತ ನೀವೇ ಹೇಳೀರಿ. ನಮ್ಮವ್ವನ ಸಲುವಾಗಿ ಮುಚ್ಚಿದ್ರ ಒಮ್ಮೆ ಆಗತದ."

ಆ ಒಂದು ಶಬ್ದ ಹಾಕುವಾಗ ಇಂಥ ದಿನ ಬರುತ್ತದೆಂದು ಯೋಚಿಸಿರಲಿಲ್ಲ. ಅದು ಎಲ್ಲಿ ಕೂತರೆ ಚೆಂದ ಎಂದಷ್ಟೇ ಯೋಚಿಸಿದ್ದೆ.

ಎರಡರ ಹೊತ್ತಿಗೆ ಚಟ್ಟ ಎತ್ತಿದರು. ದಂಡೆಯ ಮೇಲೆ ಎಲ್ಲರೂ ನಿಂತರು. ಗಂಡಸರು ಧೋತರ ಮೇಲೆ ಕಟ್ಟಿಕೊಂಡರು. ಆರು ಜನ ಮೀನುಗಾರರನ್ನು ಹೊಳೆಯ ಕಡೆಯ ಊರಿನಿಂದ ಕರೆಸಿದ್ದರು, ನೀರಿನಲ್ಲಿ ಕಾಲೂರಿ ನಿಲ್ಲುವುದು ಅವರಿಗೆ ಗೊತ್ತು. ಅವರು ಕಾಲುವೆಯ ಅಡ್ಡಕ್ಕೆ ಹಗ್ಗ ಹಿಡಿದು ಸಾಲಾಗಿ ನಿಂತರು. ಗೇಟಿನವ ಮುಂದಿನ ಎಡಗಡೆಯ ಬೊಂಬಿಗೆ ಹೆಗಲು ಕೊಟ್ಟು ಇಳಿದ. ಹಿಂದಿನ ಬೊಂಬಿಗೆ ನನ್ನ ತಮ್ಮ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಚಟ್ಟವನ್ನು ಹೆಗಲಿಂದ ತೆಗೆದು ತಲೆಯ ಮೇಲೆ ಎತ್ತಿದರು. ನಡುವೆ ಬಲಗಡೆಯವನ ಕಾಲು ಜಾರಿತು. ಚಟ್ಟ ವಾಲಿತು, ಹೂವಿನ ಸರವೊಂದು ಕಳಚಿ ನೀರಿಗೆ ಬಿದ್ದು ಹರಿದು ಹೋಯಿತು.

"ಸಾವಕಾಶ" ಎಂದ ಗೇಟಿನವ. "ಸಾವಕಾಶ ಬರ್ರಿ. ಅವಸರ ಇಲ್ಲ."

ಅವರು ನಿಂತರು. ಕಾಲು ಸರಿಯಾಗಿ ಊರಿದರು. ಮತ್ತೆ ಒಂದೊಂದೇ ಹೆಜ್ಜೆ ಇಟ್ಟರು. ಇಪ್ಪತ್ತು ಮಾರು ಅಗಲವೂ ಇಲ್ಲದ ಕಾಲುವೆ ಅದು. ಅದನ್ನು ದಾಟಲು ಅವರಿಗೆ ಕಾಲು ತಾಸು ಹಿಡಿಯಿತು.

ಹೆಂಗಸರು ಈಚೆಯೇ ನಿಲ್ಲಲಿ ಎಂದು ಯಾರೋ ಅಂದರು. ನಾನು ಚಪ್ಪಲಿ ಬಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದು ಇಳಿದೆ. ನೀರು ತಣ್ಣಗಿತ್ತು. ಸೆಳೆತ ಕಾಲನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಒಬ್ಬ ಮೀನುಗಾರ ನನ್ನ ಮುಂಗೈ ಹಿಡಿದು ಮುಂದಿನವನ ಕೈಗೆ ಕೊಟ್ಟ. ಆಚೆ ದಂಡೆಗೆ ನನ್ನನ್ನು ಎಳೆದುಕೊಂಡವನು ತಮ್ಮ. ನಾನು ಹತ್ತಿ ನಿಂತ ಮೇಲೆಯೇ ಕೈ ಬಿಟ್ಟ.

ಗುಂಡಿಯ ಹತ್ತಿರ ಗೇಟಿನವ ನಿಂತಿದ್ದ. ಎದೆಯ ತನಕ ತೋಯ್ದಿದ್ದ. ನನ್ನನ್ನು ನೋಡಿ ಹತ್ತಿರ ಬಂದ.

"ಈ ಸಲ ಜಲ್ದಿ ಬಂದೀರಿ, ಅಕ್ಕೋರ" ಎಂದ.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜವಾಗಿಯೂ ಸಮಾಧಾನಪಟ್ಟು ಹೇಳಿದ್ದ. ನನ್ನ ಸೀರೆಯಿಂದ ನೀರು ಸೋರುತ್ತಿತ್ತು. ಒಂದು ಹಿಡಿ ಮಣ್ಣು ತೆಗೆದುಕೊಂಡು ಸಾಲಿನಲ್ಲಿ ನಿಂತೆ.